ಬೀಳಗಿಯವನನ್ನು ಯಾಕೆ ತೆಗೆದರು

ಜಮಖಂಡಿಯ ಬುಟ್ಟಿಚೆಂಡಿನ ತಂಡದಲ್ಲಿ ನಾನು ಆಡಿದ್ದಕ್ಕಿಂತ ಕೂತದ್ದೇ ಹೆಚ್ಚು. ನಾನು ಬದಲಿ ಆಟಗಾರ. ಬೇರೆಯವರು ಅಂಗಳದಲ್ಲಿ ಬೆವರು ಸುರಿಸುತ್ತಿದ್ದರೆ ನಾನು ಗೆರೆಯಾಚೆ ಬಾಕಿನ ಮೇಲೆ ಆಟ ಕಲಿಸುವ ಮಾಸ್ತರ ಪಕ್ಕ ಕೂತು, ಯಾರಿಗಾದರೂ ಕಾಲು ಉಳುಕಿ ನನ್ನನ್ನು ಎಬ್ಬಿಸಿಯಾರು ಎಂಬ ಸಣ್ಣ ಅಂಜಿಕೆಯಲ್ಲಿ ಹೊತ್ತು ಕಳೆಯುತ್ತಿದ್ದೆ. ಎಬ್ಬಿಸಲಿ ಎಂಬ ಆಸೆ ನನಗೆಂದೂ ಇರಲಿಲ್ಲ. ಇದನ್ನು ಹೇಳಿದರೆ ಈಗಿನವರು ನಂಬುವುದಿಲ್ಲ. ಬದಲಿಯಾಗಿ ಕೂತವನ ಹೊಟ್ಟೆಯಲ್ಲಿ ಕಿಚ್ಚು ಇರಲೇಬೇಕು ಎಂದು ಅವರ ತಿಳಿವಳಿಕೆ. ನನ್ನ ಹೊಟ್ಟೆಯಲ್ಲಿ ಇದ್ದದ್ದು ಮಧ್ಯಾಹ್ನದ ರೊಟ್ಟಿ, ಶೇಂಗಾ ಹಿಂಡಿ, ಮತ್ತು ಅವು ತರುವ ನಿದ್ದೆ.

ಹತ್ತಿಯ ಗಿರಣಿ ನಮ್ಮ ಅಂಗಳದ ಪಡುವಣಕ್ಕೆ ಇತ್ತು. ಇಳಿಹೊತ್ತಿನ ಗಾಳಿಗೆ ಅರಳೆಯ ಎಳೆಗಳು ಗೋಡೆ ದಾಟಿ ಬಂದು, ನೆಲ ಮುಟ್ಟಲು ಮನಸ್ಸಿಲ್ಲದವರ ಹಾಗೆ, ಬಿಸಿಲಿನಲ್ಲಿ ತೇಲುತ್ತಲೇ ಇರುತ್ತಿದ್ದವು. ಅವುಗಳ ನಡುವೆ ಚೆಂಡು ಮೇಲೇರುತ್ತಿತ್ತು. ಏರಿದ ಚೆಂಡು ಇಳಿಯುವ ಮುನ್ನ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತದಲ್ಲ, ಆ ಗಳಿಗೆಯಲ್ಲಿ ನನಗೆ ನಿದ್ದೆಯೂ ಅಲ್ಲದ, ಎಚ್ಚರವೂ ಅಲ್ಲದ ಒಂದು ಸುಖ ಸಿಗುತ್ತಿತ್ತು. ಗೆದ್ದಿರೋ ಸೋತಿರೋ ಎಂದು ಮನೆಯಲ್ಲಿ ಕೇಳಿದರೆ ಸ್ವಲ್ಪ ಹೊತ್ತು ಯೋಚಿಸಿ ಹೇಳುತ್ತಿದ್ದೆ. ನಮ್ಮದು ರಬಕವಿಯ ಸೀರೆ ವ್ಯಾಪಾರದ ಮನೆ. ಜಮಖಂಡಿಯ ಅಂಗಡಿ ನೋಡಿಕೊಳ್ಳಲಿ ಎಂದು ನನ್ನನ್ನು ಅಲ್ಲಿ ಇಟ್ಟಿದ್ದರು. ನಾನು ಎಷ್ಟರಮಟ್ಟಿಗೆ ನೋಡಿಕೊಂಡೆ ಎಂಬುದು ಈಗ ಬೇಡ.

ಸಂಸ್ಥಾನ ಹೋಗಿ ನಾವೆಲ್ಲ ಮುಂಬಯಿ ರಾಜ್ಯದವರಾಗಿದ್ದ ಕಾಲ ಅದು. ಕಚೇರಿಗಳ ಮೇಲಿನ ಫಲಕ ಬದಲಾಗಿದ್ದವು, ಒಳಗಿನ ಕುರ್ಚಿಗಳು ಬದಲಾಗಿರಲಿಲ್ಲ. ಸಂಸ್ಥಾನದ ಕಾಲದಲ್ಲಿ ಸಾಹೇಬರಿಗೆಂದು ಹಾಕಿಸಿದ ಬುಟ್ಟಿಚೆಂಡಿನ ಕಂಬಗಳು ಹಾಗೇ ಉಳಿದಿದ್ದವು. ಊರಿನ ಹಿರಿಯರು ಸೇರಿ ಒಂದು ಕ್ಲಬ್ಬು ಮಾಡಿ, ಮೀರಜ ಕಡೆಯ ಒಬ್ಬ ಮಾಸ್ತರನ್ನು ಸಂಬಳ ಕೊಟ್ಟು ಇಟ್ಟುಕೊಂಡರು. ಅವರು ಸಂಸ್ಥಾನದ ಪಲಟಣಿನಲ್ಲಿ ಸಿಪಾಯಿಯಾಗಿದ್ದು ಈ ಆಟ ಕಲಿತವರು. ಆಟ ಕಲಿಸುವುದಕ್ಕೆ ಸಂಬಳವೆಂದರೆ ಸುತ್ತಲಿನ ಊರಿಗೆಲ್ಲ ಸೋಜಿಗ. ಸಂಬಳ ತಗೊಳ್ಳುವವನ ಕೆಲಸದಲ್ಲಿ ಹುಳುಕು ತೆಗೆಯುವ ಹಕ್ಕು ಊರಿನ ಪ್ರತಿಯೊಬ್ಬನಿಗೂ ತಾನಾಗಿ ಬಂದುಬಿಟ್ಟಿತು. ಚೆಂಡನ್ನು ಜನ್ಮದಲ್ಲಿ ಮುಟ್ಟದವರೂ, ಯಾರನ್ನು ಕೂಡಿಸಬೇಕಿತ್ತು, ಯಾರನ್ನು ಎಬ್ಬಿಸಬೇಕಿತ್ತು ಎಂದು ಮಾಸ್ತರಿಗೆ ಕೇಳುವ ಹಾಗೆ ಮಾತಾಡುತ್ತಿದ್ದರು. ಕೇಳಿದರೂ ಮಾಸ್ತರಿಗೆ ಪೂರಾ ತಿಳಿಯುತ್ತಿರಲಿಲ್ಲ. ಅವರಿಗೆ ಮರಾಠಿ ಬಿಟ್ಟರೆ ಸಂತೆಗೆ ಸಾಕಾಗುವಷ್ಟು ಕನ್ನಡ ಗೊತ್ತಿತ್ತು, ಅಷ್ಟೇ.

ನಮಗೇನೂ ಅದರಿಂದ ತೊಂದರೆ ಇರಲಿಲ್ಲ. ಜಮಖಂಡಿಯಲ್ಲಿ ಮನೆಗೊಂದು ಮರಾಠಿ ಇದ್ದೇ ಇತ್ತು, ರಬಕವಿಯ ವ್ಯಾಪಾರದವರಾದ ನಮಗೂ ಅದು ಬರುತ್ತಿತ್ತು. ಬಾರದವನು ಒಬ್ಬನೇ. ಅವನು ನಮ್ಮ ತಂಡದಲ್ಲಿ ಎಲ್ಲರಿಗಿಂತ ಎತ್ತರದವನು, ಎಲ್ಲರಿಗಿಂತ ಚೆನ್ನಾಗಿ ಆಡುವವನು. ಬೀಳಗಿಯಾಚೆ ಕೃಷ್ಣೆಯ ದಂಡೆಯ ಒಂದು ಹಳ್ಳಿಯಿಂದ ಗಿರಣಿಯ ಕೆಲಸಕ್ಕೆ ಬಂದಿದ್ದ. ಎಲ್ಲರೂ ಅವನನ್ನು ಬೀಳಗಿಯವ ಎಂದೇ ಕರೆಯುತ್ತಿದ್ದರು. ಮಾಸ್ತರು ಅವನಿಗೆ ಕೈಸನ್ನೆಯಲ್ಲಿ ಕಲಿಸಿದರು. ಅಂಗೈ ಮೇಲೆ ಮಾಡಿದರೆ ಹಾರು, ಅಡ್ಡ ಬೀಸಿದರೆ ಬೇರೆಯವನಿಗೆ ಕೊಡು, ಮುಷ್ಟಿ ಹಿಡಿದರೆ ಚೆಂಡು ಬಿಡಬೇಡ. ಅವನು ಮಾಸ್ತರ ಕೈಯನ್ನು ನೋಡುತ್ತ ನೋಡುತ್ತ ಆಡುತ್ತಿದ್ದ. ಅವರಿಬ್ಬರ ನಡುವೆ ಒಂದು ಮಾತೂ ನಡೆಯದೆ ಆಟ ನಡೆಯುವುದನ್ನು ನೋಡಿದರೆ, ಮಾತು ಎಂಬುದು ಯಾಕಾದರೂ ಬೇಕಪ್ಪ ಎಂದು ನನಗೆ ಅನಿಸುತ್ತಿತ್ತು.

ಆ ವರ್ಷ ಕಾರ್ತೀಕದಲ್ಲಿ ಮುಧೋಳದವರ ಮೇಲೆ ಅವರ ಊರಲ್ಲೇ ನಮ್ಮ ಆಟ. ಅರಳೆಯ ಅಂಡಿಗೆ ಹೇರಿದ ಲಾರಿಯ ಮೇಲೆ ಕೂತು ಹೋದೆವು. ಅಂಡಿಗೆಗಳ ಮೇಲೆ ಮಲಗಿ ಆಕಾಶ ನೋಡುತ್ತ ಹೋಗುವಾಗ, ಲಾರಿ ನಿಂತಿದೆ, ಆಕಾಶವೇ ಹಿಂದಕ್ಕೆ ಜರುಗುತ್ತಿದೆ ಎಂದು ನನಗೆ ಖಾತ್ರಿಯಾಗಿತ್ತು. ನನ್ನ ಪಕ್ಕ ಬೀಳಗಿಯವ ಎದ್ದು ಕೂತೇ ಇದ್ದ. ಅವನಿಗೆ ಆಟದ ದಿನ ನಿದ್ದೆ ಬರುತ್ತಿರಲಿಲ್ಲ.

ಅವನು ಅವತ್ತು ಆಡಿದ ಹಾಗೆ ಮೊದಲೂ ಆಡಿರಲಿಲ್ಲ, ಆಮೇಲೂ ಆಡಲಿಲ್ಲ. ಮುಧೋಳದ ಮಂದಿ ನಮ್ಮನ್ನು ಬಯ್ಯಲು ಬಂದವರು ಅವನನ್ನು ನೋಡುತ್ತ ಬಯ್ಯುವುದನ್ನು ಮರೆತರು. ಧೂಳು ಎದ್ದು, ಬಿಸಿಲು ಅದರಲ್ಲಿ ಸಿಕ್ಕಿ, ಅಂಗಳವೆಲ್ಲ ಬೆಲ್ಲದ ಪಾಕದ ಬಣ್ಣವಾಗಿತ್ತು. ಅದರೊಳಗೆ ಅವನು ಏಳುತ್ತಿದ್ದ, ಇಳಿಯುತ್ತಿದ್ದ. ಕೊನೆಗೆ ಒಂದೇ ಬುಟ್ಟಿಯಿಂದ ನಾವು ಹಿಂದಿದ್ದೆವು, ಆಟ ಮುಗಿಯಲು ಬಂದಿತ್ತು, ಚೆಂಡು ಬೀಳಗಿಯವನ ಕೈಯಲ್ಲಿತ್ತು. ಅವನು ಬುಟ್ಟಿಯ ಕೆಳಗೇ ಇದ್ದ. ಅವನ ಮುಂದೆ ಯಾರೂ ಇರಲಿಲ್ಲ. ಅವನ ಬೆನ್ನು ನಮ್ಮ ಕಡೆಗಿತ್ತು. ನನ್ನ ಪಕ್ಕದಲ್ಲಿ ಮಾಸ್ತರು ಎದ್ದು ನಿಂತು, ಗಂಟಲು ಹರಿಯುವ ಹಾಗೆ ಕೂಗಿದರು.

ಬೀಳಗಿಯವ ಚೆಂಡನ್ನು ಮೆಲ್ಲಗೆ ನೆಲದ ಮೇಲೆ ಇಟ್ಟ. ಇಟ್ಟು, ತಿರುಗಿ, ನಮ್ಮ ಬಾಕಿನ ಕಡೆಗೆ ನಡೆದುಬಂದ.

ಒಂದು ಗಳಿಗೆ ಎಲ್ಲರೂ ಹಾಗೇ ನಿಂತರು. ಆಮೇಲೆ ಮುಧೋಳದ ಒಬ್ಬ ಚೆಂಡನ್ನು ಎತ್ತಿ ಗಡಿಬಿಡಿಯಲ್ಲಿ ಎಸೆದ, ಅದು ಗೆರೆ ದಾಟಿತು, ಪಂಚರು ಸೀಟಿ ಊದಿದರು. ಸೀಟಿ ಊದಿದ್ದೇ ತಡ, ಮಾಸ್ತರು ನನ್ನ ಭುಜ ಹಿಡಿದು ಎಬ್ಬಿಸಿ, ಬದಲಿ ಎಂದು ಪಂಚರಿಗೆ ಕೂಗಿ ಹೇಳಿ, ನನ್ನನ್ನು ಒಳಕ್ಕೆ ದೂಡಿದರು. ನಾನು ಅರೆನಿದ್ದೆಯಲ್ಲಿ ಎದ್ದವನ ಹಾಗೆ ಒಳಗೆ ಹೋಗಿ, ಚೆಂಡು ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಆಟ ಮುಗಿಯಿತು. ಸೋತೆವು. ಮರುದಿನ ಬೀಳಗಿಯವ ಗಿರಣಿಯ ಕೆಲಸ ಬಿಟ್ಟು ಊರಿಗೆ ಹೋದ. ಯಾರೊಡನೆಯೂ ಮಾತಾಡಲಿಲ್ಲ.

ನೋಡಿದವರಿಗೆ ಎಲ್ಲ ಸ್ಪಷ್ಟವಾಗಿತ್ತು. ಮಾಸ್ತರು ಕೂಗಿದರು, ಬೀಳಗಿಯವ ಹೊರಗೆ ಬಂದ, ನಾನು ಒಳಗೆ ಹೋದೆ. ಮಾಸ್ತರು ಅವನನ್ನು ತೆಗೆದರು. ಯಾಕೆ ತೆಗೆದರು ಎಂಬುದೊಂದೇ ಉಳಿಯಿತು. ಅದೊಂದನ್ನು ಹಿಡಿದು ಜಮಖಂಡಿ ಚಳಿಗಾಲವನ್ನೆಲ್ಲ ಕಳೆಯಿತು.

ಅಂಗಳದ ಎದುರಿಗೆ ಒಂದು ಚಹಾದಂಗಡಿ. ಅಲ್ಲಿ ದಿನವೂ ಸಭೆ ಸೇರುತ್ತಿತ್ತು. ಸಂಸ್ಥಾನದಲ್ಲಿ ಕಾರಕೂನರಾಗಿದ್ದ ಒಬ್ಬರು ಒಂದು ಕಡೆ, ಹತ್ತಿಯ ದಲಾಲ ಒಬ್ಬರು ಇನ್ನೊಂದು ಕಡೆ. ಮೇಜಿನ ಮೇಲೆ ಶೇಂಗಾ ಸಿಪ್ಪೆಗಳನ್ನು ಆಟಗಾರರಂತೆ ನಿಲ್ಲಿಸಿ ಮುಧೋಳದ ಆಟವನ್ನು ಮತ್ತೆ ಮತ್ತೆ ಆಡುತ್ತಿದ್ದರು. ಬೀಳಗಿಯವನಿಗೆ ಎರಡು ಬೀಜದ ಉದ್ದನೆಯ ಸಿಪ್ಪೆ. ನನಗೆ ಮಾತ್ರ ಸಿಪ್ಪೆಯ ಮರ್ಯಾದೆಯೂ ಇರಲಿಲ್ಲ, ಚುರುಮುರಿಯಲ್ಲಿ ಉಳಿದ ಮೆಣಸಿನಕಾಯಿ ತೊಟ್ಟನ್ನು ನಾನು ಎಂದು ಇಡುತ್ತಿದ್ದರು.

"ಇದು ಡಾವ ಐತಿ, ಆಟದ ಪಟ್ಟು" ಎನ್ನುತ್ತಿದ್ದರು ಕಾರಕೂನರು. "ಛಲೋ ಆಡಾಂವನ್ನ ತೆಗೆದು ಇಂಥಾ ತೊಟ್ಟ ಒಳಗ ಬಿಟ್ರ ಎದುರಿನವರು ಮೈಮರೀತಾರ. ಆ ಹೊತ್ತಿನಾಗ ಬುಟ್ಟಿ ಹಾಕಬೇಕಂತ ಮಾಸ್ತರ ಲೆಕ್ಕ."

"ಹಾಕಾವ್ರು ಯಾರ್ರಿ? ಈ ತೊಟ್ಟೇನು?" ಎಂದು ದಲಾಲರು. "ಅದೇನೂ ಡಾವ ಅಲ್ಲ. ಹುಡುಗ ಮಂದಿ ಕಣ್ಣಾಗ ಬಿದ್ದ, ಮಾಸ್ತರ ಹೊಟ್ಟ್ಯಾಗ ಉರಿ ಬಿತ್ತು. ಕೈ ಕೆಳಗಿನಾಂವ ದೊಡ್ಡಾಂವ ಆಗೂದು ಯಾರಿಗೂ ಬೇಕಾಗಿರಂಗಿಲ್ಲ."

ತೊಟ್ಟು ಪಕ್ಕದ ಬಾಕಿನಲ್ಲೇ ಕೂತು ಚಹಾ ಕುಡಿಯುತ್ತಿತ್ತು. ಮಾಸ್ತರ ಮೊಳಕೈ ತಾಗುವಷ್ಟು ಹತ್ತಿರ ಇದ್ದವನು ನಾನು. ನಿನಗೇನು ಕಂಡಿತು ಎಂದು ನನ್ನನ್ನು ಒಬ್ಬರೂ ಕೇಳಲಿಲ್ಲ. ಕೇಳಿದ್ದರೂ ನಾನೇನು ಹೇಳುತ್ತಿದ್ದೆ? ನನಗೂ ಅದು ಬಗೆಹರಿದಿರಲಿಲ್ಲ. ಮಾಸ್ತರು ಕೂಗಿದ್ದನ್ನು ನಾನು ಕೇಳಿದ್ದೆ, ಅದರಲ್ಲಿ ಹೊರಗೆ ಬಾ ಎಂಬ ಮಾತು ಇರಲಿಲ್ಲ. ಮತ್ತೆ ಬೀಳಗಿಯವ ಯಾಕೆ ಬಂದ? ಹೆದರಿದನೇ? ಸಿಟ್ಟು ಬಂತೇ? ನಾನು ಚಹಾ ಕುಡಿಯುತ್ತ ಸಿಪ್ಪೆಗಳನ್ನು ನೋಡುತ್ತಿದ್ದೆ. ಎಷ್ಟೋ ಸಲ ಆ ಉದ್ದನೆಯ ಸಿಪ್ಪೆ ತಾನಾಗಿ ಎದ್ದು, ತಿರುಗಿ, ಮೇಜಿನ ಅಂಚಿಗೆ ನಡೆದುಬಂದ ಹಾಗೆ ಕಾಣುತ್ತಿತ್ತು.

ವಾದ ಚಹಾದಂಗಡಿಯಲ್ಲೇ ಉಳಿದಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಅದು ಕ್ಲಬ್ಬಿಗೆ ಹೋಯಿತು. ಕ್ಲಬ್ಬಿನ ಅಧ್ಯಕ್ಷರು ವಯಸ್ಸಾದ ವಕೀಲರು, ಕೆಟ್ಟವರಲ್ಲ. ಅವರು ಮಾಸ್ತರನ್ನು ಕರೆಸಿ, ಅವನನ್ನು ಯಾಕೆ ತೆಗೆದಿರಿ ಎಂದು ಮರಾಠಿಯಲ್ಲೇ ಕೇಳಿದರು. ಮಾಸ್ತರು, ನಾನು ತೆಗೆದೆ, ಅಷ್ಟೇ, ಎಂದರು. ಕಾರಣ ಹೇಳಲಿಲ್ಲ. ಸಂಕ್ರಾಂತಿ ಮುಗಿದ ಮೇಲೆ ಸಭೆ ಸೇರಿ, ಮಾಸ್ತರನ್ನು ಇಟ್ಟುಕೊಳ್ಳುವುದೋ ಬಿಡುವುದೋ ತೀರ್ಮಾನಿಸುವುದೆಂದು ಆಯಿತು. ಬಿಟ್ಟರೆ ಅವರು ಎಲ್ಲಿಗೆ ಹೋಗಬೇಕು? ಸಂಸ್ಥಾನಗಳು ಹೋದ ಮೇಲೆ ಅವರ ಪಲಟಣಿನ ಮಂದಿಯೆಲ್ಲ ಚೆದುರಿಹೋಗಿದ್ದರು. ಒಂದು ಊರಲ್ಲಿ ಅನ್ನ ಸಿಕ್ಕಿತು ಎನ್ನುವಷ್ಟರಲ್ಲಿ ಗಂಟು ಕಟ್ಟುವುದು ಅವರಿಗೆ ರೂಢಿಯಾಗಿತ್ತು. ಜಮಖಂಡಿಯಲ್ಲಿ ಮೊದಲ ಸಲ ಅವರು ಬಾಡಿಗೆ ಮನೆಯ ಹಿತ್ತಲಲ್ಲಿ ನುಗ್ಗೆಯ ಕೊಂಬೆ ನೆಟ್ಟಿದ್ದರು. ನನಗೆ ಅವರ ಮೇಲೆ ತುಂಬ ಅಕ್ಕರೆ ಇತ್ತು. ನನ್ನಂಥವನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಒಂದು ದಿನವೂ ಹೀಯಾಳಿಸದ ಮನುಷ್ಯ ಅವರು.

ಸಭೆಗೆ ಮೂರ್ನಾಲ್ಕು ದಿನ ಇರುವಾಗ ಮಾಸ್ತರ ಹೆಂಡತಿ ನಮ್ಮ ಅಂಗಡಿಗೆ ಬಂದರು. ಅವರಿಗೆ ಕುಪ್ಪಸಕ್ಕೆ ಒಂದು ಖಣ ಬೇಕಾಗಿತ್ತು. ಇಲ್ಲಿಂದ ಹೋಗುವುದೇ ಆದರೆ ಈ ಕಡೆಯ ಖಣ ಒಂದಾದರೂ ಇರಲಿ ಎಂದು ನಗುತ್ತ ಹೇಳಿದರು. ಆ ನಗೆ ನನಗೆ ಸಹಿಸಲಾಗಲಿಲ್ಲ. ಬೀಳಗಿ ಕಡೆಯ ಒಬ್ಬ ಮುದುಕಿ ಅದೇ ಹೊತ್ತಿಗೆ ಸೀರೆ ನೋಡುತ್ತ ಕೂತಿದ್ದಳು. ಅಂಗಡಿಯ ಆಳು ಊಟಕ್ಕೆ ಹೋಗಿದ್ದರಿಂದ, ಖಣದ ಒಂದು ತುದಿ ಹಿಡಿ ಅವ್ವಾ ಎಂದು ಮುದುಕಿಯ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ನಾನು ಅಳೆದೆ. ಅರಿವೆ ನೆಲಕ್ಕೆ ತಾಗದಂತೆ ಇಬ್ಬರ ನಡುವೆ ಬಿಗಿಯಾಗಿ ನಿಂತಿತ್ತು. ಅಳತೆ ಸರಿಯಾಯಿತು, ಕತ್ತರಿ ಕೈಗೆ ತಗೊಂಡೆ. ಎಲ್ಲಿ ಕತ್ತರಿಸಬೇಕೆಂದು ಬೆರಳು ತೋರಿಸಿ ಮಾಸ್ತರ ಹೆಂಡತಿ, "ಆತಾ" ಎಂದರು.

ಮುದುಕಿ ಕೈ ಬಿಟ್ಟಳು. ಖಣ ಜಾರಿ ನೆಲದ ಮೇಲೆ ಬಿತ್ತು.

"ಯಾಕ ಬಿಟ್ಟಿ ಅವ್ವಾ?" ಎಂದೆ.

"ಆತ ಅಂದ್ಲಲ್ಲೋ ಯಪ್ಪಾ ಆಕಿ. ಆತ ಅಂದ ಮ್ಯಾಲ ಹಿಡಕೊಂಡ ನಿಂದ್ರಬೇಕೇನು?"

ನಾನು ಕತ್ತರಿ ಹಿಡಿದವನು ಹಾಗೇ ನಿಂತೆ. ಮರಾಠಿಯಲ್ಲಿ ಆತಾ ಎಂದರೆ ಈಗ. ಈಗ ಕತ್ತರಿಸು ಎಂದು ಆಕೆ ಹೇಳಿದ್ದು. ನಮ್ಮ ಕಡೆಯ ಕನ್ನಡದಲ್ಲಿ ಆತ ಎಂದರೆ ಆಯಿತು, ಮುಗಿಯಿತು. ಮುಧೋಳದಲ್ಲಿ ಮಾಸ್ತರು ಗಂಟಲು ಹರಿದು ಕೂಗಿದ್ದೂ ಅದೇ ಮಾತು. ಆತಾ. ಈಗ ಹಾರು, ಈಗ ಹಾಕು. ಬೀಳಗಿಯವನಿಗೆ ಆಗ ಮಾಸ್ತರ ಕೈ ಕಾಣುತ್ತಿರಲಿಲ್ಲ, ಬೆನ್ನ ಹಿಂದಿನಿಂದ ಬಂದ ದನಿ ಒಂದೇ ಕೇಳಿತು. ನೆಲದ ಮೇಲೆ ಬಿದ್ದ ಖಣವನ್ನು ನೋಡುತ್ತ ನಾನು ಅವನ ಎರಡೂ ಕೈಗಳನ್ನು ಕಂಡೆ, ಅವು ಮೆಲ್ಲಗೆ ಚೆಂಡನ್ನು ನೆಲಕ್ಕೆ ಇಡುತ್ತಿದ್ದವು. ಎರಡೂ ಭಾಷೆ ಬಲ್ಲ ನಾವು ಇಷ್ಟೂ ಜನ ಆ ಮಾತನ್ನು ಕೇಳಿಯೂ ಅದರಲ್ಲಿ ಏನೂ ಕಂಡಿರಲಿಲ್ಲ. ಯಾಕೆಂದರೆ ನಮಗೆ ಅದು ಅರ್ಥವಾಗಿತ್ತು.

ಮರುದಿನ ಅಂಗಡಿಯನ್ನು ಆಳಿಗೆ ಒಪ್ಪಿಸಿ ಬೀಳಗಿಯ ಬಸ್ಸು ಹತ್ತಿದೆ. ನಾನಾಗಿ ಎದ್ದು ಒಂದು ಕೆಲಸಕ್ಕೆ ಹೊರಟದ್ದು ಅದೇ ಮೊದಲಿರಬೇಕು. ಬಿಳಿಜೋಳ ತೆನೆ ಹಿಡಿದು ನಿಂತಿತ್ತು. ಕಿಟಕಿಯ ಆಚೆ ಹೊಲವೆಲ್ಲ ಒಂದೇ ಸಮ ತೂಗುತ್ತಿತ್ತು. ನೋಡುತ್ತ ನೋಡುತ್ತ ಕಣ್ಣು ಮುಚ್ಚಿತು. ಬೀಳಗಿಯಲ್ಲಿ ಇಳಿದು, ಅತ್ತ ಹೋಗುವ ಒಂದು ಚಕ್ಕಡಿ ಹಿಡಿದು ಹೊಳೆಯ ದಂಡೆಗೆ ಮುಟ್ಟಿದಾಗ ಎಚ್ಚರವಾಗಿದ್ದೆನೋ ಇಲ್ಲವೋ ಹೇಳಲಾರೆ. ಹೊಳೆ ಸದ್ದಿಲ್ಲದೆ ಹರಿಯುತ್ತಿತ್ತು. ಬೀಳಗಿಯವ ಹೊಲದ ಬದುವಿನಲ್ಲಿ ಕೆಂಡ ಮಾಡಿ ಹಾಲುದೆನೆ ಸುಡುತ್ತಿದ್ದ. ನನ್ನನ್ನು ನೋಡಿ ಏಳಲಿಲ್ಲ. ಸುಟ್ಟ ತೆನೆ ಉಜ್ಜಿ, ಬಿಸಿ ಸೀತನಿಯನ್ನು ನನ್ನ ಅಂಗೈಗೆ ಸುರಿದ.

"ತಿನ್ನು. ಮಾಸ್ತರ ಸುದ್ದಿ ಮಾತ್ರ ತಗೀಬ್ಯಾಡ" ಎಂದ.

ನಾನು ತಿಂದೆ. ತಿಂದು, ಅವತ್ತು ಮಾಸ್ತರು ಏನಂದರು ಹೇಳು ಎಂದು ಕೇಳಿದೆ. ಅವನು ಕೆಂಡ ಕೆದಕಿದ.

"ಆತ ಅಂದ್ರು. ಆಟ ಮುಗೀತು, ಗದ್ದಲದಾಗ ಸೀಟಿ ಕೇಳಿಸಿಲ್ಲ ಅಂತ ತಿಳಕೊಂಡೆ. ಚೆಂಡ ಇಟ್ಟು ಬಂದೆ. ಬಂದು ಕೂತು ನೋಡ್ತೇನಿ, ನೀ ಒಳಗ ಹೋದಿ, ಆಟ ನಡದೈತಿ." ಅವನು ನನ್ನ ಕಡೆ ನೋಡಿದ. "ಆಟ ಆಗಿದ್ದಿಲ್ಲ. ಹಂಗಾದ್ರ ಆದಾಂವ ನಾನ. ನಿಂದು ಆತು ಅಂತ ನನಗ ಹೇಳ್ಯಾರ ಅವರು, ಅಷ್ಟ ಮಂದಿ ಮುಂದ. ಅಷ್ಟ ಆಡಿದ ಮ್ಯಾಲೂ."

ನಾನು ಅವನಿಗೆ ಆತಾ ಎಂದರೆ ಏನು ಎಂದು ಹೇಳಿದೆ. ಖಣದ ಸುದ್ದಿ, ನಾನೇ ತೆಗೆದೆ ಎಂದು ಮಾಸ್ತರು ಕ್ಲಬ್ಬಿನವರಿಗೆ ಅಂದದ್ದು, ಬರಲಿರುವ ಸಭೆ, ಎಲ್ಲ ಹೇಳಿದೆ. ಅವನು ನಂಬಲಿಲ್ಲ, ಮತ್ತೊಮ್ಮೆ ಹೇಳಿಸಿದ. ಆಮೇಲೆ ಎದ್ದು ಹೊಳೆಯ ಕಡೆ ತಿರುಗಿ ನಿಂತ. ಅವನ ಹೆಗಲು ಅಲುಗುತ್ತಿದ್ದದ್ದು ನಗುವಿಗೋ ಅಳುವಿಗೋ ನನಗೆ ತಿಳಿಯಲಿಲ್ಲ.

"ಹಂಗಾದ್ರ ನಾನ ಬಿಟ್ಟ ಬಂದೆ ಅಂತ ಅವರು ತಿಳಕೊಂಡಿರಬೇಕು" ಎಂದ ಕೊನೆಗೆ. "ಅಂಜಿ ಬಂದೆ ಅಂತ. ಮತ್ತ ಮಂದಿಗೆ ಯಾಕ ನಾನ ತೆಗೆದೆ ಅಂತ ಹೇಳಾಕತ್ತಾರ?"

ಅಲ್ಲಿಯವರೆಗೆ ಅದು ನನ್ನ ತಲೆಗೆ ಹೊಳೆದಿರಲಿಲ್ಲ. ತನ್ನ ಹುಡುಗ ನಡು ಆಟದಲ್ಲಿ ಚೆಂಡು ಇಟ್ಟು ಓಡಿಬಂದ ಎಂದು ಊರು ಆಡಿಕೊಳ್ಳಬಾರದೆಂದೇ ಮಾಸ್ತರು ನನ್ನನ್ನು ಒಳಕ್ಕೆ ದೂಡಿದ್ದರು. ಬದಲಿ ಎಂದು ಕೂಗಿ ಹೇಳಿದ್ದು ಪಂಚರಿಗಲ್ಲ, ನೋಡುತ್ತಿದ್ದ ಮಂದಿಗೆ. ಚಳಿಗಾಲವೆಲ್ಲ ನಾವು ಶೇಂಗಾ ಸಿಪ್ಪೆಯಲ್ಲಿ ಹುಡುಕಿದ ಡಾವು ಇಷ್ಟೇ.

ಬೀಳಗಿಯವ ಆ ದಿನವೇ ನನ್ನ ಜೊತೆ ಹೊರಟ. ಸಭೆಯಲ್ಲಿ ತಾನೇ ನಿಂತು ಹೇಳುತ್ತೇನೆ, ಮಾಸ್ತರ ಅನ್ನ ನನ್ನಿಂದ ಹೋಗಬಾರದು ಎಂದ. ದಾರಿಯುದ್ದಕ್ಕೂ ಅವನು ತುಟಿಯಲ್ಲೇ ಆತ, ಆತಾ ಎಂದು ಆ ಮಾತನ್ನು ಎರಡೂ ರೀತಿಯಲ್ಲಿ ಅಂದು ನೋಡುತ್ತಿದ್ದ.

ಸಭೆ ಸೇರಿದ್ದು ಹಳೆಯ ವಾಚನಾಲಯದಲ್ಲಿ, ಇಳಿಹೊತ್ತಿಗೆ. ಕ್ಲಬ್ಬಿನವರಲ್ಲದೆ ಚಹಾದಂಗಡಿಯೇ ಎದ್ದು ಬಂದಿತ್ತು. ಮಾಸ್ತರು ಗೋಡೆಗೆ ಒರಗಿ ನಿಂತಿದ್ದರು. ಕಿಟಕಿಯಿಂದ ಅರಳೆಯ ಎಳೆಗಳು ಒಳಗೂ ಬಂದು ಅವರ ಟೊಪ್ಪಿಗೆಯ ಮೇಲೆ ಕೂತಿದ್ದವು. ಬೀಳಗಿಯವನನ್ನು ಕಂಡು ಅವರ ಕಣ್ಣು ದೊಡ್ಡದಾಯಿತು.

ಬೀಳಗಿಯವ ಎದ್ದು ನಿಂತು ಇದ್ದದ್ದು ಇದ್ದ ಹಾಗೆ ಹೇಳಿದ. "ಅವರು ನನ್ನ ತಗೀಲಿಲ್ಲರಿ. ಈಗ ಹಾಕು ಅಂತ ಮರಾಠ್ಯಾಗ ಒದರಿದ್ರು. ನಾ ಮುಗೀತು ಅಂತ ತಿಳಕೊಂಡು ಚೆಂಡ ಇಟ್ಟು ಬಂದೆ. ತಪ್ಪ ನಂದ ಐತಿ, ಅವರದಲ್ಲ."

ಅಧ್ಯಕ್ಷರು ಅದನ್ನು ಮಾಸ್ತರಿಗೆ ಮರಾಠಿಯಲ್ಲಿ ಹೇಳಿದರು. ನಾನು ಮಾಸ್ತರ ಮುಖವನ್ನೇ ನೋಡುತ್ತಿದ್ದೆ. ಅಂಥ ಸಂತೋಷವನ್ನು ನಾನು ಯಾರ ಮುಖದ ಮೇಲೂ ಕಂಡಿಲ್ಲ. ಹುಡುಗ ಅಂಜಿ ಓಡಿಬಂದಿರಲಿಲ್ಲ. ಅಷ್ಟು ದಿನ ಅವರು ಒಳಗೆ ಇಟ್ಟುಕೊಂಡ ನೋವು ಅದೇ ಇರಬೇಕು, ಕೆಲಸ ಹೋಗುವುದಲ್ಲ.

ಆದರೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ದಲಾಲರು ಎರಡೂ ಕೈಯಲ್ಲಿ ಇಲ್ಲದ ಚೆಂಡೊಂದನ್ನು ಹಿಡಿದು, "ಆತ ಅಂದ್ರೇನ್ರಿ, ಹಂಗಾದ್ರ ತಗೋರಿ" ಎಂದು ನೆಲಕ್ಕೆ ಇಟ್ಟು ತೋರಿಸಿದರು. ನಗು ಒಬ್ಬರಿಂದ ಒಬ್ಬರಿಗೆ ಹತ್ತಿತು. ಬೀಳಗಿ ಕಡೆಯವರೇ ಹಾಗೆ, ಬುಟ್ಟಿ ಅಂದರೆ ರೊಟ್ಟಿ ಬುಟ್ಟಿ ಎಂದು ತಿಳಿಯುವವರು, ಎಂದು ಇನ್ನೊಬ್ಬರು ಅಂದರು. ಬೀಳಗಿಯವ ಅಷ್ಟು ಎತ್ತರದವನು, ಎಲ್ಲಿಯೂ ಅಡಗಲು ಬಾರದವನು, ತಲೆ ತಗ್ಗಿಸಿ ನಡುವೆ ನಿಂತಿದ್ದ. ಕಾರಕೂನರು ಮಾತ್ರ ನಗಲಿಲ್ಲ. ಚಳಿಗಾಲವೆಲ್ಲ ಕಟ್ಟಿದ ಡಾವು ಬಿದ್ದುಹೋಗುವುದು ಅವರಿಗೆ ಬೇಡವಾಗಿತ್ತು.

ಅಧ್ಯಕ್ಷರು ಮೇಜು ಬಡಿದು ಎಲ್ಲರನ್ನೂ ಸುಮ್ಮನಾಗಿಸಿದರು. "ಇಂವ ಹೇಳೂದು ಖರೆ ಇದ್ರ ಮಾಸ್ತರದೇನೂ ತಪ್ಪಿಲ್ಲ, ಅವರು ಇಲ್ಲೇ ಇರ್ಲಿ" ಎಂದು, ಮಾಸ್ತರ ಕಡೆ ತಿರುಗಿ ಖರೆ ಏನು ಎಂದು ಕೇಳಿದರು. ಹೌದು ಎನ್ನುವ ಒಂದು ಮಾತು ಸಾಕಾಗಿತ್ತು.

ಮಾಸ್ತರ ಮುಖದ ಮೇಲಿನ ಸಂತೋಷ ಆಗಲೇ ಇಳಿದಿತ್ತು. ಅವರು ನಗುತ್ತಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಆಮೇಲೆ, ಎಲ್ಲರಿಗೂ ತಿಳಿಯಲಿ ಎಂದು ತಮ್ಮ ಸಂತೆಯ ಕನ್ನಡದಲ್ಲಿ ಹೇಳಿದರು.

"ಇಲ್ಲರಿ. ಹುಡುಗ ನನ್ನ ಸಲುವಾಗಿ ಹೇಳ್ತದ. ನಾ ತೆಗೆದೆ. ನನ್ನ ಹಿಸೇಬ ತಪ್ಪಿತು."

ನಗು ನಿಂತಿತು. ಕಾರಕೂನರು, ನಾನು ಹೇಳಿರಲಿಲ್ಲವೇ ಎಂಬಂತೆ ಸುತ್ತಲೂ ನೋಡಿದರು. ಬೀಳಗಿಯವ ಸುಳ್ಳು, ಸುಳ್ಳು ಎನ್ನುತ್ತಲೇ ಇದ್ದ. ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನೂ ಎದ್ದು, ಮಾಸ್ತರ ಪಕ್ಕದಲ್ಲಿದ್ದವ ನಾನು, ಆತಾ ಅಂದದ್ದು ನಾನೇ ಕೇಳಿದ್ದೇನೆ ಎಂದೆ. ತೊಟ್ಟಿನ ಸಾಕ್ಷಿ ಯಾರಿಗೆ ಬೇಕು? ತಪ್ಪು ಒಪ್ಪಿಕೊಂಡ ಮೇಲೆ ಮಾಸ್ತರನ್ನು ಇಟ್ಟುಕೊಳ್ಳುವ ಪ್ರಶ್ನೆ ಉಳಿಯಲಿಲ್ಲ. ಚಹಾ ಬಂತು.

ಹೊರಗೆ ಬಂದಾಗ ಬೆಳಕು ಇನ್ನೂ ಇತ್ತು. ಅಂಗಳದ ಅಂಚಿನಲ್ಲಿ ನಿಂತಿದ್ದ ಮಾಸ್ತರ ಎದುರು ಬೀಳಗಿಯವ ಹೋಗಿ, ಯಾಕ್ರಿ, ಯಾಕ ಹಂಗ ಹೇಳಿದ್ರಿ ಎಂದು ಕೇಳಿದ. ಅವನ ದನಿಯಲ್ಲಿ ಸಿಟ್ಟೇ ಇತ್ತು. ಮಾಸ್ತರು ನನ್ನನ್ನು ಹತ್ತಿರ ಕರೆದು ಮರಾಠಿಯಲ್ಲಿ ಹೇಳಿದರು. ನಾನು ಅದನ್ನು ಅವನಿಗೆ ನಮ್ಮ ಮಾತಿನಲ್ಲಿ ಹೇಳಿದೆ.

"ನಾ ಹೋಗಾಂವ, ನೀ ಇಲ್ಲೇ ಇರಾಂವ ಅಂತಾರ. ನನ್ನ ಮ್ಯಾಲಿನ ಸಿಟ್ಟ ನಾ ಬಸ್ಸ ಹತ್ತಿದ ದಿನಾ ಮುಗೀತೈತಿ. ನಿನ್ನ ಮ್ಯಾಲ ನಗು ಚಾಲೂ ಆದ್ರ, ನೀ ಮುದುಕ ಆದ್ರೂ ಮುಗ್ಯಂಗಿಲ್ಲ ಅಂತಾರ."

ಮಾಸ್ತರು ಅಂಗೈ ಅಡ್ಡ ಮಾಡಿ ಅವನ ಎದೆಯ ಮೇಲೆ ಒಂದು ಸಲ ತಟ್ಟಿ, ಮನೆಯ ಕಡೆ ನಡೆದರು. ತಿಂಗಳ ಕೊನೆಗೆ ಗಂಟು ಕಟ್ಟಿಕೊಂಡು ಹೋದರು. ಆಮೇಲೆ ಅವರ ಸುದ್ದಿ ನಮಗೆ ಯಾವ ಕಡೆಯಿಂದಲೂ ಬರಲಿಲ್ಲ.

ಬೀಳಗಿಯವ ಊರಿಗೆ ಹೋಗಲಿಲ್ಲ. ಗಿರಣಿಗೆ ಮತ್ತೆ ಸೇರಿ, ಜಮಖಂಡಿಯಲ್ಲೇ ಸಂಸಾರ ಹೂಡಿದ. ಮೊದಲೆಲ್ಲ ಚಹಾದಂಗಡಿಯ ಕಡೆ ಸುಳಿಯದವನು ಈಗ ದಿನವೂ ಬಂದು ಕೂಡತೊಡಗಿದ. ಮುಂಬಯಿ ರಾಜ್ಯ ಹೋಗಿ ನಾವು ಮೈಸೂರಿನವರಾದೆವು, ಫಲಕಗಳು ಇನ್ನೊಮ್ಮೆ ಬದಲಾದವು, ಮುಧೋಳದ ಆಟದ ವಾದ ಮಾತ್ರ ಮುಗಿಯಲಿಲ್ಲ. ಯಾರಾದರೂ ಮಾಸ್ತರನ್ನು ಬಯ್ಯಲು ಬಾಯಿ ತೆರೆದರೆ ಬೀಳಗಿಯವ ಬಟ್ಟಲು ಕೆಳಗಿಟ್ಟು, ಸಮಾಧಾನದಿಂದ, ಪ್ರತಿ ಸಲವೂ ಅದೇ ಮಾತು ಹೇಳುತ್ತಿದ್ದ.

"ಅವತ್ತ ನಾ ಛಲೋ ಆಡಾಕತ್ತಿದ್ದಿಲ್ಲ. ಮಾಸ್ತರು ನನ್ನ ತೆಗದದ್ದ ಬರೋಬರಿ ಇತ್ತು."

ಅವತ್ತು ಅವನ ಆಟ ನೋಡಿದವರು ಮೊದಮೊದಲು ನಕ್ಕರು, ಆಮೇಲೆ ಸುಮ್ಮನಾದರು, ಕ್ರಮೇಣ ಹೌದೇನೋ ಎನ್ನತೊಡಗಿದರು. ತನ್ನ ಜನ್ಮದ ಆ ಒಂದು ದಿನವನ್ನು ಅವನು ಹೀಗೆ ಸ್ವಲ್ಪ ಸ್ವಲ್ಪವಾಗಿ ಮಾಸ್ತರಿಗೆ ಕೊಟ್ಟುಬಿಟ್ಟ. ಅವನು ತೀರಿಕೊಂಡ ಮೇಲೆ ಅವನ ಮಗ ಒಂದು ದಿನ ನಮ್ಮ ಅಂಗಡಿಗೆ ಬಂದ. ಮಾತಿಗೆ ಮಾತು ಬಂದು, "ಮುಧೋಳದಾಗ ಅಪ್ಪ ಭಾಳ ಕೆಟ್ಟ ಆಡಿದ್ದನಂತಲ್ಲರಿ ಕಾಕಾ, ಹೌದೇನು?" ಎಂದು ಕೇಳಿದ.

ನಾನು ಸೀರೆಯ ಮಡಿಕೆ ಸರಿಮಾಡುತ್ತ, ಹೌದಪಾ, ಅದಕ್ಕ ತೆಗದ್ರು ಎಂದೆ.